ಕಿವಿಮೊರೆತದ ಪ್ರಶ್ನಾವಳಿ ಭಾಷೆ ದಾಟಿದ ಕಥೆ



ಊರ ಜಾತ್ರೆಯಲ್ಲಿ ಧ್ವನಿವರ್ಧಕದ ಪಕ್ಕದಲ್ಲೇ ನಿಂತು ಮೂರು ಗಂಟೆ ಆರ್ಕೆಸ್ಟ್ರಾ ಕೇಳಿದಿರಿ ಎಂದಿಟ್ಟುಕೊಳ್ಳಿ. ಮನೆಗೆ ಬಂದು ದೀಪ ಆರಿಸಿ ಮಲಗಿದರೆ ಕಿವಿಯೊಳಗೆ 'ಗುಂಯ್' ಎನ್ನುವ ಸದ್ದು. ಹೊರಗೆ ಎಲ್ಲವೂ ನಿಶ್ಶಬ್ದ. ಪಕ್ಕದಲ್ಲಿ ಮಲಗಿರುವ ತಮ್ಮನಿಗೆ ಏನೂ ಕೇಳಿಸುತ್ತಿಲ್ಲ. ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ಆ ಸದ್ದು ಅಡಗಿರುತ್ತದೆ, ನೀವೂ ಅದನ್ನು ಮರೆತಿರುತ್ತೀರಿ. ಆದರೆ ಕೆಲವರಿಗೆ ಅದು ಅಡಗುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಜೀರುಂಡೆಯಂತೆಯೋ, ಪ್ರೆಷರ್ ಕುಕ್ಕರಿನ ಸಿಳ್ಳೆಯಂತೆಯೋ, ದೂರದ ಗಿರಣಿಯಂತೆಯೋ ಕೇಳಿಸುತ್ತಲೇ ಇರುತ್ತದೆ. ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಗಂಟೆಯಂತೆ ಮೊಳಗುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು. ಕನ್ನಡದಲ್ಲಿ ನಾವು ಕಿವಿಮೊರೆತ ಎನ್ನೋಣ.

ಇಂಥ ರೋಗಿಯೊಬ್ಬ ವೈದ್ಯರ ಮುಂದೆ ಕುಳಿತಿದ್ದಾನೆ. ವೈದ್ಯರು ಕಿವಿಯೊಳಗೆ ಬೆಳಕು ಹಾಯಿಸಿ ನೋಡುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅಲ್ಲಿ ಕಾಣುವಂಥದ್ದು ಏನೂ ಇರುವುದಿಲ್ಲ. ಜ್ವರವಾದರೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಪಟ್ಟಿ ಕಟ್ಟುವ ಯಂತ್ರವಿದೆ. ಕಿವಿಮೊರೆತದ ಸಂಕಟವನ್ನು ಅಳೆಯಲು ಏನಿದೆ? ರೋಗಿಯ ಬಾಯಿಮಾತೊಂದೇ. ಹಾಗಾದರೆ ಅವನನ್ನು ಏನು ಕೇಳಬೇಕು, ಯಾವ ಭಾಷೆಯಲ್ಲಿ ಕೇಳಬೇಕು? ಇಂಗ್ಲಿಷಿನಲ್ಲಿ ಹುಟ್ಟಿದ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಅದು ಅದೇ ಪ್ರಶ್ನೆಯಾಗಿ ಉಳಿಯುತ್ತದೆಯೇ? ಈ ಪ್ರಶ್ನೆಗಳಿಗೂ ಒಂದು ಇತಿಹಾಸವಿದೆ. ಈ ಪುಟಗಳಲ್ಲಿ ನಾವು ಆ ಇತಿಹಾಸವನ್ನು ನೋಡೋಣ.

ಹಳೆಯ ಕಾಯಿಲೆ, ಹಳೆಯ ಹೋಲಿಕೆಗಳು

ಕಿವಿಮೊರೆತ ಇಂದಿನ ಕಾಯಿಲೆಯಲ್ಲ. ಸುಶ್ರುತ ಸಂಹಿತೆಯಲ್ಲಿ ಕಿವಿಯ ರೋಗಗಳನ್ನು ಎಣಿಸುವಾಗ ಕರ್ಣನಾದ, ಕರ್ಣಕ್ಷ್ವೇಡ ಎಂಬ ಎರಡು ಹೆಸರುಗಳು ಬರುತ್ತವೆ. ಅನಂತರದ ಗ್ರಂಥವಾದ ಮಾಧವನಿದಾನ ಕರ್ಣನಾದವನ್ನು ಭೇರಿ, ಮೃದಂಗ, ಶಂಖಗಳ ಸದ್ದಿಗೆ ಹೋಲಿಸುತ್ತದೆ. ಕರ್ಣಕ್ಷ್ವೇಡವನ್ನು ಕೊಳಲಿನ ದನಿಗೆ ಹೋಲಿಸಲಾಗಿದೆ. ಗಮನಿಸಿ: ಆ ವೈದ್ಯರ ಬಳಿ ಇದ್ದದ್ದೂ ರೋಗಿಯ ಮಾತೇ. ರೋಗಿ ತನ್ನ ಸುತ್ತಲಿನ ಲೋಕದಲ್ಲಿ ಕೇಳಿದ್ದ ವಾದ್ಯಗಳ ಹೆಸರು ಹೇಳಿದ, ವೈದ್ಯರು ಅದನ್ನೇ ಬರೆದಿಟ್ಟರು.

ಯೂರೋಪಿನಲ್ಲಿ ಸಂಗೀತಗಾರ ಬೀಥೋವನ್ 1801ರ ಜೂನ್ ತಿಂಗಳಲ್ಲಿ ತನ್ನ ವೈದ್ಯಮಿತ್ರ ವೇಗೆಲರ್‌ಗೆ ಬರೆದ ಪತ್ರದಲ್ಲಿ, ಹಗಲೂ ರಾತ್ರಿ ಕಿವಿ ಮೊರೆಯುತ್ತಿರುವುದನ್ನು ಹೇಳಿಕೊಂಡಿದ್ದಾನೆ. ಕಿವುಡು ಆವರಿಸುತ್ತಿರುವುದು ತಿಳಿದುಬಿಟ್ಟೀತೆಂದು ಜನರ ಜೊತೆ ಬೆರೆಯುವುದನ್ನೇ ಬಿಟ್ಟಿರುವುದಾಗಿಯೂ ಬರೆದಿದ್ದಾನೆ. ಸದ್ದು ಹೇಗಿದೆ ಎಂಬುದು ಒಂದು ಸಂಗತಿ; ಅದು ಬದುಕನ್ನು ಏನು ಮಾಡಿದೆ ಎಂಬುದು ಇನ್ನೊಂದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕೆಂಬ ಅರಿವು ವೈದ್ಯಶಾಸ್ತ್ರಕ್ಕೆ ಬರಲು ಇನ್ನೂ ಬಹುಕಾಲ ಹಿಡಿಯಿತು.

ಯಂತ್ರ ಹೇಳಿದ್ದು, ರೋಗಿ ಹೇಳಿದ್ದು

ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಉಪಕರಣಗಳಿಂದ ಶ್ರವಣಶಕ್ತಿಯನ್ನು ಅಳೆಯುವುದು ಸಾಧ್ಯವಾಯಿತು. ಆಗ ಅಮೆರಿಕದ ಕಿವಿತಜ್ಞ ಎಡ್ಮಂಡ್ ಫೌಲರ್ ಒಂದು ಸರಳ ಉಪಾಯವನ್ನು ಬಳಸಿದರು. ಯಂತ್ರದಿಂದ ಸ್ವರವೊಂದನ್ನು ಕೇಳಿಸುತ್ತಾ, ಅದನ್ನು ಏರಿಸುತ್ತಾ ಇಳಿಸುತ್ತಾ, 'ನಿಮ್ಮ ಕಿವಿಯೊಳಗಿನ ಸದ್ದು ಇಷ್ಟು ಜೋರಾಗಿದೆಯೇ?' ಎಂದು ರೋಗಿಯನ್ನು ಕೇಳುವುದು. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ರೈಲಿನ ಸದ್ದಿನಷ್ಟು ಜೋರು ಎಂದು ಗೋಳಿಡುತ್ತಿದ್ದವರ ಕಿವಿಮೊರೆತವೂ ಯಂತ್ರದ ಲೆಕ್ಕದಲ್ಲಿ, ಅವರಿಗೆ ಕೇಳಿಸಬಲ್ಲ ಅತಿ ಸಣ್ಣ ಸದ್ದಿಗಿಂತ ಕೆಲವೇ ಡೆಸಿಬಲ್‌ಗಳಷ್ಟು ಮೇಲಿತ್ತು, ಅಷ್ಟೆ. ಫೌಲರ್ 1942ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಇದನ್ನು 'ಜೋರಿನ ಭ್ರಮೆ' ಎಂದು ಕರೆದರು.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಕಿವಿ ಚೆನ್ನಾಗಿ ಕೇಳಿಸುವ 80 ಜನರನ್ನು ಒಬ್ಬೊಬ್ಬರಾಗಿ, ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಕೇಳಿಸಿದ್ದನ್ನು ಬರೆಯಲು ಹೇಳಿದರು. ಶೇಕಡಾ 94ರಷ್ಟು ಜನ ಏನೋ ಒಂದು ಸದ್ದು ಕೇಳಿಸಿತೆಂದರು. ಅಂದರೆ ಸಂಪೂರ್ಣ ನಿಶ್ಶಬ್ದದಲ್ಲಿ ಬಹುಮಂದಿಗೆ ಒಳಗಿನ ಸದ್ದು ಕೇಳಿಸುತ್ತದೆ. ಆದರೆ ಅವರು ರೋಗಿಗಳಲ್ಲ.

ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ನೋಡಿದರೆ ಏನು ತಿಳಿಯುತ್ತದೆ? ಸದ್ದು ಎಷ್ಟಿದೆ ಎಂಬುದರಿಂದ ಸಂಕಟ ಎಷ್ಟಿದೆ ಎಂದು ಹೇಳಲಾಗುವುದಿಲ್ಲ. ಒಬ್ಬ ಅದೇ ಸದ್ದಿನ ಜೊತೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾನೆ. ಇನ್ನೊಬ್ಬ ಬದುಕೇ ಬೇಡ ಎನ್ನುವ ಸ್ಥಿತಿಗೆ ಬರುತ್ತಾನೆ. ಫೌಲರ್ ಬಳಸಿದ 'ಭ್ರಮೆ' ಎಂಬ ಮಾತು ಇಲ್ಲಿ ಅಪಾಯಕಾರಿ. ಯಂತ್ರ ಸಣ್ಣ ಅಂಕಿ ತೋರಿಸಿತೆಂದು ರೋಗಿಯ ಸಂಕಟವೂ ಸಣ್ಣದಾಗುವುದಿಲ್ಲ. ಆದ್ದರಿಂದ ಸಂಕಟವನ್ನೇ ನೇರವಾಗಿ ಕೇಳಿ ತಿಳಿಯುವ ದಾರಿ ಬೇಕಾಯಿತು.

ಪ್ರಶ್ನಾವಳಿಗಳ ಕಾಲ

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಮುಖ್ಯ ವಿಂಗಡಣೆಯನ್ನು ಮುಂದಿಟ್ಟಿತು: ಅಂಗದಲ್ಲಿರುವ ಊನ ಒಂದು, ಅದರಿಂದ ಮಾಡಲಾಗದೆ ಹೋಗುವ ಕೆಲಸ ಇನ್ನೊಂದು, ಅದರಿಂದ ಸಮಾಜದಲ್ಲಿ ಆಗುವ ತೊಡಕು ಮತ್ತೊಂದು. ಮೂರನೆಯದಕ್ಕೆ ಇಂಗ್ಲಿಷಿನಲ್ಲಿ 'ಹ್ಯಾಂಡಿಕ್ಯಾಪ್' ಎಂಬ ಪದ ಬಳಕೆಯಾಯಿತು. (2001ರಲ್ಲಿ ಸಂಸ್ಥೆ ಈ ವಿಂಗಡಣೆಯ ಬದಲು ಬೇರೊಂದನ್ನು ತಂದಿತು.) ಕಿವಿಮೊರೆತದ ಪ್ರಶ್ನಾವಳಿಗಳು ಬೆಳೆದದ್ದು ಈ ಚಿಂತನೆಯ ಹಿನ್ನೆಲೆಯಲ್ಲಿ.

1988ರಲ್ಲಿ ಇಂಗ್ಲೆಂಡಿನ ಹ್ಯಾಲಮ್ ಮತ್ತು ಸಂಗಡಿಗರು 52 ಪ್ರಶ್ನೆಗಳ ಪ್ರಶ್ನಾವಳಿಯೊಂದನ್ನು ಹೊರತಂದರು. 1990ರಲ್ಲಿ ಅಮೆರಿಕದ ಅಯೋವಾದಿಂದ 27 ಪ್ರಶ್ನೆಗಳದು, 1991ರಲ್ಲಿ ಆಸ್ಟ್ರೇಲಿಯಾದಿಂದ 26 ಪ್ರಶ್ನೆಗಳದು ಬಂದವು. ಎಲ್ಲಕ್ಕಿಂತ ಹೆಚ್ಚು ಪ್ರಸಾರ ಪಡೆದದ್ದು 1996ರಲ್ಲಿ ಅಮೆರಿಕದ ನ್ಯೂಮನ್, ಜೇಕಬ್‌ಸನ್ ಮತ್ತು ಸ್ಪಿಟ್ಜರ್ ಪ್ರಕಟಿಸಿದ 'ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ'. ಇವರು ಮೊದಲು 45 ಪ್ರಶ್ನೆಗಳನ್ನು ಬರೆದು 84 ರೋಗಿಗಳಿಗೆ ಕೊಟ್ಟರು. ಉತ್ತರಗಳನ್ನು ಪರಿಶೀಲಿಸಿ, ಸಡಿಲವಾದ ಪ್ರಶ್ನೆಗಳನ್ನು ತೆಗೆದುಹಾಕಿ, 25ನ್ನು ಉಳಿಸಿಕೊಂಡರು. ಆ 25ನ್ನು ಮತ್ತೆ 66 ಜನರ ಮೇಲೆ ಪರೀಕ್ಷಿಸಿದರು.

ಇದರ ಲೆಕ್ಕ ಬಹಳ ಸುಲಭ. ಪ್ರತಿ ಪ್ರಶ್ನೆಗೂ ಮೂರೇ ಉತ್ತರ. 'ಹೌದು' ಎಂದರೆ 4 ಅಂಕ, 'ಕೆಲವೊಮ್ಮೆ' ಎಂದರೆ 2, 'ಇಲ್ಲ' ಎಂದರೆ 0. ಒಟ್ಟು 0ಯಿಂದ 100. ಏಕಾಗ್ರತೆ, ಓದು, ನಿದ್ದೆ, ಮನೆಗೆಲಸ, ಸಿಟ್ಟು, ಆತಂಕ, ಮನೆಯವರ ಜೊತೆಗಿನ ಸಂಬಂಧ, ಇನ್ನು ತಡೆದುಕೊಳ್ಳಲಾರೆ ಎಂಬ ಭಾವ, ಇವೆಲ್ಲ ಅದರ ವಿಷಯಗಳು. 2001ರಲ್ಲಿ ಬ್ರಿಟನ್ನಿನ ತಜ್ಞರು ಈ ಅಂಕಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು: 16ರವರೆಗೆ ಅತ್ಯಲ್ಪ, 18ರಿಂದ 36 ಸೌಮ್ಯ, 38ರಿಂದ 56 ಮಧ್ಯಮ, 58ರಿಂದ 76 ತೀವ್ರ, 78ರಿಂದ ಮೇಲೆ ಅತಿ ತೀವ್ರ.

ಇಲ್ಲಿ ಒಂದು ಮಾತು ನೆನಪಿಡಿ. ಕಿವಿಮೊರೆತವನ್ನು ಖಚಿತವಾಗಿ ಅಳಿಸಿಹಾಕುವ ಔಷಧಿ ಇಂದಿಗೂ ಇಲ್ಲ. ಸಲಹೆ, ಶ್ರವಣ ಸಾಧನ, ಮನೋಚಿಕಿತ್ಸೆ ಇವುಗಳಿಂದ ಸಂಕಟ ಕಡಿಮೆಯಾಗುವಂತೆ ಮಾಡಬಹುದು. ಹಾಗಾಗಿ ಚಿಕಿತ್ಸೆ ಫಲಿಸಿತೇ ಎಂದು ತಿಳಿಯಬೇಕಾದರೂ ಇದೇ ಪ್ರಶ್ನಾವಳಿಗೆ ಮರಳಬೇಕು. ಈ 25 ಪ್ರಶ್ನೆಗಳ ಮೇಲೆ ಎಷ್ಟು ಭಾರವಿದೆ ನೋಡಿ!

ಭಾಷೆ ದಾಟಿಸುವ ವಿದ್ಯೆ

ಪರೀಕ್ಷೆಯೊಂದನ್ನು ಬೇರೆ ಭಾಷೆಗೆ ಒಗ್ಗಿಸುವ ಕೆಲಸ ಕಿವಿಮೊರೆತದಿಂದ ಶುರುವಾದದ್ದಲ್ಲ. 1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೋ ಮಕ್ಕಳ ಬುದ್ಧಿಶಕ್ತಿಯ ಪರೀಕ್ಷೆಯನ್ನು ರೂಪಿಸಿದರು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟರ್ಮನ್ ಅದನ್ನು ಅಮೆರಿಕದ ಮಕ್ಕಳಿಗೆ ಹೊಂದಿಸಿದರು. ಅಲ್ಲಿಂದ ಅದು ನಮ್ಮಲ್ಲಿಗೂ ಬಂತು. ವಿ. ವಿ. ಕಾಮತ್ ಅವರು ಆಗಿನ ಮುಂಬಯಿ-ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅದನ್ನು ಪರಿಷ್ಕರಿಸಿ, ಆ ಕೆಲಸವನ್ನು 1934ರಲ್ಲಿ ಪ್ರಕಟಿಸಿದರು. 'ಬಿನೆ-ಕಾಮತ್ ಪರೀಕ್ಷೆ' ಎಂಬ ಹೆಸರನ್ನು ನಿಮ್ಮಲ್ಲಿ ಮನಃಶಾಸ್ತ್ರ ಓದುವವರು ಕೇಳಿರಬಹುದು. ಪ್ಯಾರಿಸ್ಸಿನ ಮಗುವಿಗೆ ಸುಲಭವಾದ ಪ್ರಶ್ನೆ ನಮ್ಮ ಊರಿನ ಮಗುವಿಗೆ ಸುಲಭವೇ ಆಗಬೇಕೆಂದಿಲ್ಲ; ಪದ ಬದಲಿಸಿದರೆ ಸಾಲದು, ಪ್ರಶ್ನೆಯನ್ನು ನಮ್ಮ ಮಕ್ಕಳ ಮುಂದಿಟ್ಟು ನೋಡಬೇಕು ಎಂಬ ಪಾಠ ಇಂಥ ಕೆಲಸಗಳಿಂದ ದೊರೆಯಿತು.

ಈ ಕೆಲಸಕ್ಕೆ ಕ್ರಮವೊಂದನ್ನು ಕೊಟ್ಟವರಲ್ಲಿ ರಿಚರ್ಡ್ ಬ್ರಿಸ್ಲಿನ್ ಪ್ರಮುಖರು. ಅವರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮರು ಅನುವಾದದ ವಿಧಾನವನ್ನು ಪರೀಕ್ಷೆಗೆ ಒಡ್ಡಿದರು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ವಿಶ್ವವಿದ್ಯಾನಿಲಯದಲ್ಲಿ, 10 ಭಾಷೆಗಳಿಗೆ ಸೇರಿದ 94 ಮಂದಿ ದ್ವಿಭಾಷಿಕರು ಈ ಅಧ್ಯಯನದಲ್ಲಿ ಪಾಲ್ಗೊಂಡರು. ವಿಧಾನ ಹೀಗೆ: ಒಬ್ಬರು ಇಂಗ್ಲಿಷಿನಿಂದ ತಮ್ಮ ಭಾಷೆಗೆ ಅನುವಾದಿಸುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷ್ ಪಾಠಗಳನ್ನು ಹೋಲಿಸಿದರೆ ನಡುವೆ ಏನು ಕಳೆದುಹೋಯಿತೆಂದು ಗೊತ್ತಾಗುತ್ತದೆ.

ಆದರೆ ಈ ವಿಧಾನಕ್ಕೂ ಒಂದು ಮಿತಿಯಿದೆ. ಪದಕ್ಕೆ ಪದ ಜೋಡಿಸಿ ಮಾಡಿದ ಕೆಟ್ಟ ಅನುವಾದ ಬಹಳ ಸಲೀಸಾಗಿ ಮೂಲಕ್ಕೆ ಮರಳುತ್ತದೆ! 'ನಿಮ್ಮ ಕಿವಿಮೊರೆತದಿಂದ ತಪ್ಪಿಸಿಕೊಳ್ಳಲಾರಿರಿ ಎಂಬಂತೆ ನೀವು ಭಾವಿಸುವಿರಾ?' ಎಂಬ ವಾಕ್ಯವನ್ನು ಇಂಗ್ಲಿಷ್ ಬಲ್ಲವರು ಸುಲಭವಾಗಿ ಹಿಂದಕ್ಕೆ ತಿರುಗಿಸಿಬಿಡುತ್ತಾರೆ. ಆದರೆ ನಿಮ್ಮ ಅಜ್ಜಿಗೆ ಅದನ್ನು ಓದಿ ಹೇಳಿ ನೋಡಿ. 'ಏನು ಕೇಳ್ತಿದ್ದೀಯೋ ಮಗಾ?' ಎಂದು ಅವರೇ ನಿಮ್ಮನ್ನು ಕೇಳುತ್ತಾರೆ.

ಈ ಕಾರಣಕ್ಕಾಗಿ ಮುಂದಿನ ದಶಕಗಳಲ್ಲಿ ಇನ್ನಷ್ಟು ಹಂತಗಳು ಸೇರಿದವು. 1993ರಲ್ಲಿ ಗಿಲ್ಲೆಮ್ಯಾ ಮತ್ತು ಸಂಗಡಿಗರು, 2000ದಲ್ಲಿ ಬೀಟನ್ ಮತ್ತು ಸಂಗಡಿಗರು ಪ್ರಕಟಿಸಿದ ಮಾರ್ಗಸೂಚಿಗಳು ಇಂದಿಗೂ ಬಳಕೆಯಲ್ಲಿವೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು; ಅವರಲ್ಲಿ ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ಅದರ ಗಂಧವಿಲ್ಲದವರು. ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಅನಂತರ ಮರು ಅನುವಾದ, ಆಮೇಲೆ ತಜ್ಞರ ಸಮಿತಿಯ ಚರ್ಚೆ. ಕೊನೆಗೆ 30ರಿಂದ 40 ಜನರಿಗೆ ಪ್ರಶ್ನೆಗಳನ್ನು ಕೊಟ್ಟು, ಉತ್ತರವನ್ನಷ್ಟೇ ಅಲ್ಲ, 'ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು?' ಎಂಬುದನ್ನೂ ಕೇಳಬೇಕು. ವಿಷಯದ ಗಂಧವಿಲ್ಲದವರು ಏಕೆ ಬೇಕು ಎಂದು ನೀವು ಕೇಳಬಹುದು. ವೈದ್ಯರಾದ ಅನುವಾದಕರ ಕೈಯಲ್ಲಿ ವೈದ್ಯರ ಕನ್ನಡ ಬರುತ್ತದೆ. ರೋಗಿಯ ಕನ್ನಡ ಬರಬೇಕಾದರೆ ಹೊರಗಿನವರು ಬೇಕು.

ಡೆನ್ಮಾರ್ಕಿನಿಂದ ಕರ್ನಾಟಕದವರೆಗೆ

ಕಿವಿಮೊರೆತದ ಪ್ರಶ್ನಾವಳಿಗಳಲ್ಲಿ ಬೇಗ ಭಾಷೆ ದಾಟಿದ್ದು ಹ್ಯಾಲಮ್ ಅವರದು. 1992ರ ವೇಳೆಗೇ ಜರ್ಮನಿಯ ಹಿಲ್ಲರ್ ಮತ್ತು ಗೋಬೆಲ್ ಅದರ ಜರ್ಮನ್ ರೂಪವನ್ನು ಪರೀಕ್ಷಿಸಿದ್ದರು. 1996ರ ಅಮೆರಿಕನ್ ಪ್ರಶ್ನಾವಳಿ 2000ದಲ್ಲಿ ಡೇನಿಷ್, 2007ರಲ್ಲಿ ಟರ್ಕಿಷ್, 2009ರಲ್ಲಿ ಹಾಂಗ್‌ಕಾಂಗಿನ ಚೀನೀ ಭಾಷೆ, ಹೀಗೆ ಒಂದೊಂದೇ ಭಾಷೆಗೆ ಹೋಯಿತು. ಬ್ರೆಜಿಲ್ ದೇಶದಲ್ಲಂತೂ ಒಂದೇ ಪ್ರಶ್ನಾವಳಿಗೆ 2005ರಲ್ಲಿ ಒಂದು, 2006ರಲ್ಲಿ ಮತ್ತೊಂದು ಪೋರ್ಚುಗೀಸ್ ರೂಪ ಪ್ರಕಟವಾದವು. ಒಂದೇ ಮೂಲದಿಂದ ಇಬ್ಬರು ಬಲ್ಲವರು ಎರಡು ಪಾಠಗಳನ್ನು ಕೊಡಬಲ್ಲರು ಎಂಬುದಕ್ಕೆ ಇದು ಉದಾಹರಣೆ.

ಕನ್ನಡ ರೂಪವೊಂದನ್ನು ಸಿದ್ಧಪಡಿಸಿ ಪರೀಕ್ಷಿಸಿದ ಅಧ್ಯಯನ 2012ರಲ್ಲಿ, ಕಿವಿಮೊರೆತಕ್ಕೇ ಮೀಸಲಾದ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯಾಗಿ ಉಳ್ಳವರು ಸುಮಾರು 4.37 ಕೋಟಿ. ಮೂಲ ಪ್ರಕಟವಾಗಿ ಹದಿನಾರು ವರ್ಷಗಳ ಮೇಲೆ ಇಷ್ಟು ಜನರ ಭಾಷೆಗೆ ಅದು ಬಂತು.

ಕನ್ನಡದಲ್ಲಿ ಎದುರಾಗುವ ತೊಡಕುಗಳು

ಈಗ ನೀವೇ ಅನುವಾದಕರ ಜಾಗದಲ್ಲಿ ಕುಳಿತಿದ್ದೀರಿ ಎಂದು ಭಾವಿಸಿ. ಕೆಲವು ತೊಡಕುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಹೆಸರು. 'ಟಿನ್ನಿಟಸ್' ಎಂದರೆ ರೋಗಿಗೆ ತಿಳಿಯದು. 'ಕಿವಿಮೊರೆತ' ಪುಸ್ತಕ ಓದಿದವರ ಮಾತು. ಬರೀ 'ಸದ್ದು' ಎಂದರೋ? 'ಸದ್ದಿನಿಂದ ನಿಮಗೆ ಓದಲು ಕಷ್ಟವಾಗುತ್ತದೆಯೇ?' ಎಂದು ಕೇಳಿದರೆ, ಹಿಟ್ಟಿನ ಗಿರಣಿಯ ಪಕ್ಕದ ಮನೆಯವರು ಗಿರಣಿಯನ್ನು ನೆನೆದು 'ಹೌದು' ಎನ್ನುತ್ತಾರೆ. 'ನಿಮ್ಮ ಕಿವಿಯೊಳಗೆ ಕೇಳಿಸುವ ಸದ್ದು' ಎಂದು ಪ್ರತಿ ಸಲವೂ ಬಿಡಿಸಿ ಹೇಳಬೇಕಾಗುತ್ತದೆ. ಇನ್ನು ಪ್ರಶ್ನಾವಳಿಯ ಶೀರ್ಷಿಕೆಯಲ್ಲಿರುವ 'ಹ್ಯಾಂಡಿಕ್ಯಾಪ್' ಎಂಬುದನ್ನು 'ಅಂಗವಿಕಲತೆ' ಎಂದು ಅನುವಾದಿಸಿದರೆ, ಕಾಗದ ಕೈಗೆ ಬಂದ ಕೂಡಲೇ ರೋಗಿ ಗಾಬರಿಯಾಗುತ್ತಾನೆ. ಗಾಬರಿಯಿಂದ ಕೊಟ್ಟ ಉತ್ತರಗಳು ಬೇರೆಯೇ ಆಗಿರುತ್ತವೆ.

ಎರಡನೆಯದು ಭಾವನೆಗಳ ಹೆಸರು. ಇಂಗ್ಲಿಷ್ ಮೂಲದಲ್ಲಿ ಸಿಟ್ಟಿಗೆ, ಕಿರಿಕಿರಿಗೆ, ಮನಸ್ಸು ಕದಡುವುದಕ್ಕೆ, 'ಫ್ರಸ್ಟ್ರೇಟೆಡ್' ಎಂಬ ಭಾವಕ್ಕೆ ಬೇರೆ ಬೇರೆ ಪ್ರಶ್ನೆಗಳಿವೆ. ನಮ್ಮ ದಿನಬಳಕೆಯ 'ಬೇಜಾರು' ಎಂಬ ಒಂದೇ ಮಾತು ಇವುಗಳಲ್ಲಿ ಎಷ್ಟನ್ನು ನುಂಗುತ್ತದೆ ಯೋಚಿಸಿ. ಸಿನಿಮಾ ಚೆನ್ನಾಗಿರದಿದ್ದರೂ ಬೇಜಾರು, ಗೆಳೆಯ ಊರು ಬಿಟ್ಟು ಹೋದರೂ ಬೇಜಾರು, ಯಾರಾದರೂ ಬೈದರೂ ಬೇಜಾರು. ಹಾಗೆಂದು ನಿಘಂಟು ತೆರೆದರೆ 'ಫ್ರಸ್ಟ್ರೇಟೆಡ್' ಎಂಬುದಕ್ಕೆ 'ಹತಾಶೆ' ಸಿಗುತ್ತದೆ. ಆದರೆ ಮೂಲದಲ್ಲಿ 'ಡೆಸ್ಪರೇಟ್' ಎಂಬ ಇನ್ನೊಂದು ಪ್ರಶ್ನೆಯೂ ಇದೆ. ಅದಕ್ಕೂ ಸಿಗುವುದು ಹತಾಶೆಯೇ. ಎರಡು ಪ್ರಶ್ನೆಗಳು ಕನ್ನಡದಲ್ಲಿ ಒಂದೇ ಆಗಿಬಿಟ್ಟರೆ ಏನಾಗುತ್ತದೆ? ಒಂದೇ ಭಾವಕ್ಕೆ 4ರ ಬದಲು 8 ಅಂಕ ಬೀಳುತ್ತದೆ. ಮಧ್ಯಮ ದರ್ಜೆಯಲ್ಲಿರಬೇಕಾದವನು ತೀವ್ರ ದರ್ಜೆಗೆ ಹೋಗಬಹುದು. ಅಥವಾ ಎರಡಕ್ಕೂ 'ಇಲ್ಲ' ಎಂದು, ನಿಜಕ್ಕೂ ನೆರವು ಬೇಕಾದವನು ಲೆಕ್ಕದಿಂದಲೇ ಹೊರಗುಳಿಯಬಹುದು.

'ಖಿನ್ನತೆ' ಎಂಬ ಪದದ ಕಥೆಯೂ ಇದೇ. ಪತ್ರಿಕೆ ಓದುವವರಿಗೆ ಅದು ಗೊತ್ತು. ಉಳಿದವರು 'ಮನಸ್ಸು ಕುಗ್ಗಿದೆ', 'ಯಾವುದರಲ್ಲೂ ಉತ್ಸಾಹವಿಲ್ಲ' ಎನ್ನುತ್ತಾರೆ. ತನಗೆ ಭಯಂಕರ ಕಾಯಿಲೆ ಇದೆ ಎಂದು ಅನಿಸುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಅದನ್ನು 'ದೊಡ್ಡ ರೋಗ' ಎಂದು ಸರಳ ಮಾಡಲು ಹೋದರೆ ಎಡವುತ್ತೇವೆ. ಹಳೆಯ ತಲೆಮಾರಿನ ಮಾತಿನಲ್ಲಿ ಅದು ಕುಷ್ಠರೋಗದ ಹೆಸರು.

ಮೂರನೆಯದು ಬದುಕಿನ ರೀತಿ. ಮೂಲದ ಒಂದು ಪ್ರಶ್ನೆ ಹೊರಗೆ ಊಟಕ್ಕೆ ಹೋಗುವುದು, ಸಿನಿಮಾಕ್ಕೆ ಹೋಗುವುದು ಇವುಗಳಿಗೆ ಕಿವಿಮೊರೆತ ಅಡ್ಡಿಯಾಗಿದೆಯೇ ಎಂದು ಕೇಳುತ್ತದೆ. ಹೋಟೆಲಿಗೆ ಹೋಗುವ ರೂಢಿಯೇ ಇಲ್ಲದ ಹಳ್ಳಿಯ ಹೆಂಗಸು 'ಇಲ್ಲ' ಎನ್ನುತ್ತಾಳೆ. ಅಡ್ಡಿಯಿಲ್ಲ ಎಂದಲ್ಲ, ಹೋಗುವುದೇ ಇಲ್ಲ ಎಂದು. ಹಾಗಾದರೆ ಮದುವೆ, ಜಾತ್ರೆ, ಸಂತೆ ಎಂದು ಬದಲಿಸೋಣವೇ? ಅಲ್ಲೂ ಎಚ್ಚರ ಬೇಕು. ಊಟಕ್ಕೆ ಹೊರಗೆ ಹೋಗುವುದು ಇಷ್ಟದ ಮಾತು. ನೆಂಟರ ಮದುವೆಗೆ ಹೋಗುವುದು ಕರ್ತವ್ಯ. ಎಷ್ಟೇ ಸಂಕಟವಿದ್ದರೂ ಮದುವೆಗೆ ಹೋಗಿಯೇ ಹೋಗುತ್ತಾರೆ. ಮೇಲಾಗಿ ಓಲಗದ ಅಬ್ಬರ ಕಿವಿಯೊಳಗಿನ ಸದ್ದನ್ನು ಆ ಹೊತ್ತಿಗೆ ಮುಚ್ಚಿಬಿಡಲೂಬಹುದು. ಪ್ರಶ್ನೆ ಬದಲಾದರೆ ಅದರ ತೂಕವೂ ಬದಲಾಗುತ್ತದೆ.

ನಾಲ್ಕನೆಯದು 'ಹೌದು' ಮತ್ತು 'ಇಲ್ಲ'. 'ನಿಮಗೆ ನಿದ್ದೆ ಬರುವುದಿಲ್ಲವೇ?' ಎಂದು ಕನ್ನಡದಲ್ಲಿ ಕೇಳಿದರೆ, ನಿದ್ದೆ ಬರದವರು 'ಹೌದು, ಬರೋದಿಲ್ಲ' ಎನ್ನಬಹುದು. 'ಇಲ್ಲ, ಬರೋದಿಲ್ಲ' ಎಂದೂ ಅನ್ನಬಹುದು. ಇಂಗ್ಲಿಷಿನಲ್ಲಿ ನಿದ್ದೆ ಬರದವನ ಉತ್ತರ 'ನೋ' ಎಂದೇ ಆಗುತ್ತದೆ. ಬಾಯಿಮಾತಿನಲ್ಲಿ ಪೂರ್ತಿ ವಾಕ್ಯ ಕೇಳಿದರೆ ಗೊಂದಲವಿಲ್ಲ. ಆದರೆ ಕಾಗದದ ಮೇಲೆ ಬರೀ 'ಹೌದು' ಎಂಬುದರ ಮುಂದೆ ಗುರುತು ಹಾಕಿದ್ದರೆ ಯಾವ ಅರ್ಥ ಹಿಡಿಯುವುದು? ಆದ್ದರಿಂದ ಕನ್ನಡದಲ್ಲಿ ನಿಷೇಧದ ಪ್ರಶ್ನೆಗಳನ್ನು ತಪ್ಪಿಸಿ, 'ನಿದ್ದೆ ಹತ್ತುವುದು ಕಷ್ಟವಾಗುತ್ತದೆಯೇ?' ಎಂಬ ರೂಪ ಕೊಡುವುದು ಕ್ಷೇಮ.

ಐದನೆಯದು ಓದುವಿಕೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡಾ 75ರಷ್ಟು. ಕಿವಿಮೊರೆತ ವಯಸ್ಸಾದವರಲ್ಲಿ ಹೆಚ್ಚು. ಓದು ಬಾರದವರೂ ಆ ವಯಸ್ಸಿನಲ್ಲೇ ಹೆಚ್ಚು. ಆಗ ಯಾರಾದರೂ ಪ್ರಶ್ನೆಗಳನ್ನು ಓದಿ ಹೇಳಬೇಕು. ಜೊತೆಗೆ ಬಂದ ಮಗ 'ಅಪ್ಪನಿಗೆ ಹಾಗೇನೂ ಇಲ್ಲ ಬಿಡಿ ಸಾರ್' ಎಂದು ತಾನೇ ಉತ್ತರಿಸಿಬಿಡುತ್ತಾನೆ. ಮನೆಯವರ ಜೊತೆಗಿನ ಸಂಬಂಧ ಹದಗೆಟ್ಟಿದೆಯೇ ಎಂಬ ಪ್ರಶ್ನೆಗೆ, ಸೊಸೆ ಪಕ್ಕದಲ್ಲೇ ಕುಳಿತಿರುವಾಗ ಅತ್ತೆ ಏನು ಹೇಳಿಯಾರು? ಪ್ರಶ್ನಾವಳಿಯನ್ನು ಒಗ್ಗಿಸುವುದೆಂದರೆ ಪದಗಳನ್ನಷ್ಟೇ ಅಲ್ಲ, ಅದನ್ನು ಕೇಳುವ ಸನ್ನಿವೇಶವನ್ನೂ ಗೊತ್ತುಮಾಡುವುದು.

ಅಂಕಿಗಳನ್ನು ನಂಬಬಹುದೇ?

ಅನುವಾದ ಮುಗಿದ ಮೇಲೆ ಅಂಕಿಅಂಶಗಳ ಪರೀಕ್ಷೆ ಬರುತ್ತದೆ. ಪ್ರಶ್ನೆಗಳೆಲ್ಲ ಒಂದೇ ಸಂಗತಿಯ ಸುತ್ತ ಇವೆಯೇ ಎಂದು ನೋಡಲು ಲೀ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ 'ಆಲ್ಫಾ' ಎಂಬ ಸಂಖ್ಯೆಯನ್ನು ಬಳಸುತ್ತಾರೆ. ಅದು 1ಕ್ಕೆ ಹತ್ತಿರವಾದಷ್ಟೂ ಪ್ರಶ್ನೆಗಳ ನಡುವೆ ಹೊಂದಾಣಿಕೆ ಹೆಚ್ಚು. 1996ರ ಮೂಲ ಪ್ರಶ್ನಾವಳಿಗೆ ಬಂದ ಅಂಕಿ 0.93.

ಆದರೆ ಇಲ್ಲೊಂದು ಮೋಸವಿದೆ. ಮೇಲೆ ಹೇಳಿದ 'ಹತಾಶೆ'ಯ ಉದಾಹರಣೆಯನ್ನು ನೆನೆಯಿರಿ. ಎರಡು ಪ್ರಶ್ನೆಗಳು ಒಂದೇ ಆಗಿಬಿಟ್ಟರೆ ಅವುಗಳ ಉತ್ತರಗಳೂ ಒಂದೇ ಆಗುತ್ತವೆ. ಹೊಂದಾಣಿಕೆ ಇನ್ನೂ ಹೆಚ್ಚುತ್ತದೆ, ಆಲ್ಫಾ ಏರುತ್ತದೆ! ಅಂದರೆ ಅನುವಾದದ ತಪ್ಪೊಂದು ಅಂಕಿಅಂಶದಲ್ಲಿ ಗುಣದಂತೆ ಕಾಣಿಸಿಕೊಳ್ಳಬಹುದು. ವಿಶ್ವಾಸಾರ್ಹತೆ ಎಂದರೆ ಮತ್ತೆ ಮತ್ತೆ ಅದೇ ಉತ್ತರ ಬರುವುದು. ಸಿಂಧುತ್ವ ಎಂದರೆ ಅಳೆಯಬೇಕಾದದ್ದನ್ನೇ ಅಳೆಯುವುದು. ತಪ್ಪು ತೂಕದ ಬಟ್ಟು ದಿನವೂ ಒಂದೇ ತೂಕ ತೋರಿಸುತ್ತದೆ. ಹಾಗೆಂದು ಅದು ಸರಿಯಾದ ಬಟ್ಟಾಗುವುದಿಲ್ಲ.

ಮೂಲ ಪ್ರಶ್ನಾವಳಿಯೇ ಪ್ರಶ್ನಾತೀತವಲ್ಲ. ಅದನ್ನು ರಚಿಸಿದವರು 25 ಪ್ರಶ್ನೆಗಳನ್ನು ಮೂರು ಗುಂಪು ಮಾಡಿದ್ದರು. 2003ರಲ್ಲಿ ಬ್ಯಾಗುಲಿ ಮತ್ತು ಆಂಡರ್ಸನ್ ಲೆಕ್ಕಹಾಕಿ, ಆ ಮೂರು ಗುಂಪುಗಳಿಗೆ ಆಧಾರ ಸಾಲದು, ಒಟ್ಟು ಅಂಕವನ್ನು ಮಾತ್ರ ಬಳಸುವುದು ಲೇಸು ಎಂದರು. ಚಿಕಿತ್ಸೆಯಿಂದ ಗುಣವಾಯಿತೆನ್ನಲು ಎಷ್ಟು ಅಂಕ ಇಳಿಯಬೇಕು ಎಂಬುದರಲ್ಲೂ ಮತಭೇದವಿದೆ: 1998ರಲ್ಲಿ ಮೂಲ ರಚನಾಕಾರರ ಲೆಕ್ಕ 20 ಅಂಕ, 2011ರ ಇನ್ನೊಂದು ಅಧ್ಯಯನದ ಲೆಕ್ಕ 7 ಅಂಕ. ಏಳೇ ಅಂಕ ಸಾಕೆನ್ನುವುದಾದರೆ, ಅಸ್ಪಷ್ಟವಾದ ಎರಡು ಪ್ರಶ್ನೆಗಳನ್ನು ರೋಗಿ ಮೊದಲ ಸಲ ಒಂದು ರೀತಿ, ಮೂರು ತಿಂಗಳ ಮೇಲೆ ಇನ್ನೊಂದು ರೀತಿ ಅರ್ಥಮಾಡಿಕೊಂಡರೆ ಸಾಕು, 8 ಅಂಕ ಏರುಪೇರಾಗುತ್ತದೆ. ಔಷಧಿ ಫಲಿಸಿತೆಂದು ಬರೆದುಕೊಳ್ಳುವುದು ಆಗ ಪದಗಳ ಆಟವಾಗುತ್ತದೆ.

2012ರಲ್ಲಿ ಅಮೆರಿಕದ ಮೇರಿ ಮೀಕಲ್ ಮತ್ತು ಸಂಗಡಿಗರು ಚಿಕಿತ್ಸೆಯ ಪರಿಣಾಮವನ್ನು ಇನ್ನೂ ಸೂಕ್ಷ್ಮವಾಗಿ ಗುರುತಿಸಬೇಕೆಂದು 'ಟಿನ್ನಿಟಸ್ ಫಂಕ್ಷನಲ್ ಇಂಡೆಕ್ಸ್' ಎಂಬ ಹೊಸ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಇದರಲ್ಲೂ 25 ಪ್ರಶ್ನೆಗಳೇ. ಆದರೆ ಹೌದು-ಇಲ್ಲಗಳ ಬದಲು 0ಯಿಂದ 10ರ ಅಳತೆಪಟ್ಟಿ. 2018ರಲ್ಲಿ ಡೆಬೊರಾ ಹಾಲ್ ಮತ್ತು ಸಂಗಡಿಗರು ಶ್ರವಣಕ್ಕೆ ಸಂಬಂಧಿಸಿದ ಪ್ರಶ್ನಾವಳಿಗಳನ್ನು ಬೇರೆ ಭಾಷೆಗಳಿಗೆ, ಸಂಸ್ಕೃತಿಗಳಿಗೆ ಒಗ್ಗಿಸುವವರಿಗಾಗಿಯೇ ಒಂದು ಮಾರ್ಗದರ್ಶಿಯನ್ನು ಹೊರತಂದರು. ಬಿನೆಯ ಪರೀಕ್ಷೆ ದೇಶ ದಾಟಿದ ಕಾಲದಿಂದ ನಡೆದುಬಂದ ಹಾದಿ ಇಲ್ಲಿಯವರೆಗೆ ಬಂದಿದೆ.

ಕೊನೆಯ ಮಾತು

ಮಿತ್ರರೇ, ಡೆಟ್ರಾಯಿಟ್ ನಗರದ ಒಬ್ಬರಿಗೆ 48 ಅಂಕ, ದಾವಣಗೆರೆಯ ಒಬ್ಬರಿಗೆ 48 ಅಂಕ ಬಂದರೆ ಇಬ್ಬರ ಸಂಕಟವೂ ಒಂದೇ ಎಂದು ನಾವು ಹೇಳಬಯಸುತ್ತೇವೆ. ಹಾಗೆ ಹೇಳುವ ಹಕ್ಕು ಸುಮ್ಮನೆ ಬರುವುದಿಲ್ಲ. ಪ್ರತಿ ಪ್ರಶ್ನೆಯನ್ನೂ ನಮ್ಮವರ ಮುಂದಿಟ್ಟು, ಅವರಿಗೆ ಅರ್ಥವಾದದ್ದೇನೆಂದು ಕೇಳಿ, ತಿದ್ದಿ, ಮತ್ತೆ ಕೇಳಿದ ಮೇಲೆ ಬರುತ್ತದೆ. ಕಿವಿಯೊಳಗಿನ ಸದ್ದನ್ನು ಬೇರೆ ಯಾರೂ ಕೇಳಲಾರರು. ಅದನ್ನು ಅನುಭವಿಸುವವರಿಗೆ ತಮ್ಮ ಮಾತಿನಲ್ಲಿ ಹೇಳಿಕೊಳ್ಳಲು ಅವಕಾಶವಾಗದಿದ್ದರೆ, ಅವರ ಪಾಲಿಗೆ ವೈದ್ಯಶಾಸ್ತ್ರವೇ ಕಿವುಡಾದಂತೆ.

ಒಂದು ಅಭ್ಯಾಸ ಮಾಡಿ ನೋಡಿ. 'ಫ್ರಸ್ಟ್ರೇಟೆಡ್' ಎಂಬ ಭಾವವನ್ನು, ಆ ಪದವನ್ನು ಬಳಸದೆ, ನಿಮ್ಮ ಮನೆಯ ಮೂವರು ಹಿರಿಯರಿಗೆ ಅರ್ಥವಾಗುವಂತೆ ಒಂದು ಪ್ರಶ್ನೆಯಾಗಿ ಬರೆಯಿರಿ. ಧಾರವಾಡದ ಗೆಳೆಯರೂ ಮಂಗಳೂರಿನ ಗೆಳೆಯರೂ ಇದ್ದರೆ ಅವರ ಮನೆಯವರಿಗೂ ಕೇಳಿಸಿ. ಅವರು ತಿಳಿದುಕೊಂಡದ್ದೇನೆಂದು ಬರೆದಿಟ್ಟುಕೊಳ್ಳಿ. ಒಂದು ಪ್ರಶ್ನೆಗೆ ಎಷ್ಟು ಶ್ರಮ ಬೇಕೆಂಬುದು ಆಗ ನಿಮಗೇ ತಿಳಿಯುತ್ತದೆ. ಇಪ್ಪತ್ತೈದಕ್ಕೆ ಎಷ್ಟು ಬೇಕೆಂದು ಲೆಕ್ಕ ಹಾಕಿ.

ಅಂದಹಾಗೆ, ಜಾತ್ರೆಯ ಧ್ವನಿವರ್ಧಕದಿಂದ ದೂರವೇ ನಿಲ್ಲಿ. ಕಿವಿಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಮಿಡಿತದ ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕಿವಿ ಕೇಳಿಸದಂತಾದರೆ, ತಡಮಾಡದೆ ಕಿವಿತಜ್ಞರನ್ನು ಕಾಣಿ.